ಲಿಫ್ಟಪ್ಪನಿಗೆ ಹತ್ತಕ್ಕೆ ಏಳು

‘ಲಿಫ್ಟ್ ಈಸ್ ರಿಪೇರ್ಡ್’ ಎಂದು ಬೋರ್ಡಿನಲ್ಲಿ ಬರೆದಿತ್ತು. ಇಂಗ್ಲಿಷ್ ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವವಳು ನಾನು; ಬರೆದದ್ದನ್ನು ಬರೆದ ಹಾಗೇ ನಂಬುತ್ತೇನೆ. ರಿಪೇರಿ ಆಗಿದೆ ಎಂದುಕೊಂಡು, ಎರಡು ಕೈಯಲ್ಲೂ ಚೀಲ ಹಿಡಿದಿದ್ದರಿಂದ ಮೊಣಕೈಯಲ್ಲೇ ಬಟನ್ ಒತ್ತಿದೆ. ಮತ್ತೆ ಒತ್ತಿದೆ. ಮೂರನೇ ಸಲ ಒತ್ತಿದಾಗ ನನ್ನ ಕಾಲ ಕೆಳಗಿನಿಂದ ಒಂದು ದನಿ ಬಂತು.

“ಯಾರ್ರೀ ಅದು? ಬೋರ್ಡ್ ಓದೋಕೆ ಬರಲ್ವಾ?”

ಮಡಚುವ ಗೇಟಿನ ಸಂದಿಯಿಂದ ಬಗ್ಗಿ ನೋಡಿದೆ. ಲಿಫ್ಟಿನ ಗುಂಡಿಯೊಳಗೆ ಟಾರ್ಚ್ ಹಿಡಿದು ನಿಂತ ಒಬ್ಬ ಮೆಕ್ಯಾನಿಕ್ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದ. ಹಣೆಯ ಮೇಲೆ ಅಡ್ಡಕ್ಕೆ ಒಂದು ಗ್ರೀಸಿನ ಗೆರೆ.

“ಓದೋಕೆ ಬರೋದಕ್ಕೇ ನಿಂತಿರೋದು,” ಅಂದೆ. “ರಿಪೇರಿ ಆಗಿದೆ ಅಂತ ಬರ್ದಿದೀರಲ್ಲ?”

“ಆಗ್ತಾ ಇದೆ ಅಂತ ಬರ್ದಿರೋದು.”

“ಈಸ್ ರಿಪೇರ್ಡ್ ಅಂದ್ರೆ ಆಗಿದೆ ಅಂತ. ಆಗ್ತಾ ಇದ್ರೆ ಈಸ್ ಬೀಯಿಂಗ್ ರಿಪೇರ್ಡ್.”

ಆತ ಟಾರ್ಚ್ ಆರಿಸಿದ. “ನೋಡಿ ಮೇಡಂ, ಮೊದಲು ರಿಪೇರಿಂಗ್ ಅಂತ ಬರ್ದಿದ್ದೆ. ಲಿಫ್ಟೇನು ತನಗೆ ತಾನೇ ರಿಪೇರಿ ಮಾಡ್ಕೊಳ್ಳುತ್ತಾ ಅಂತ ಆಫೀಸಲ್ಲಿ ನಕ್ಕರು. ಇಂಗ್ ಕಿತ್ತು ಇಡಿ ಹಾಕ್ದೆ. ಈಗ ನೀವು ಬೀಯಿಂಗೂ ಬೇಕು ಅಂತೀರಿ. ಒಂದು ಕೆಟ್ಟಿರೋ ಲಿಫ್ಟಿಗೆ ಇಷ್ಟೆಲ್ಲ ಬೇಕಾ?”

“ಇಲ್ದಿದ್ರೆ ನನ್ನಂಥೋರು ಸಾಯಂಕಾಲದವರೆಗೂ ಬಟನ್ ಒತ್ತಿಕೊಂಡು ನಿಂತಿರ್ತಾರೆ.”

“ನಿಂತಿರಿ ಪರವಾಗಿಲ್ಲ. ಕತ್ತಲೆ ಗುಂಡೀಲಿ ಒಬ್ಬನೇ ಇದ್ದೆ, ಮಾತಿಗಾಯ್ತು,” ಅಂದ.

ಆತ ಹತ್ತಿ ಮೇಲೆ ಬಂದು, ಜೇಬಿನಿಂದ ಸೀಮೆಸುಣ್ಣ ತೆಗೆದು, ಸ್ಪೆಲ್ಲಿಂಗ್ ಕೇಳಿ, ಎರಡು ಪದಗಳ ನಡುವೆ ಬೀಯಿಂಗನ್ನು ತುರುಕಿದ. ಆಮೇಲೆ ಬೇಡವೆಂದರೂ ಕೇಳದೆ ನನ್ನ ಎರಡೂ ಚೀಲ ಕಸಿದುಕೊಂಡು ಐದು ಮಹಡಿ ಹತ್ತಿದ. ಬಿಳಿ ಚೀಲದ ಹಿಡಿಯ ಮೇಲೆ ಅವನ ನಾಲ್ಕು ಬೆರಳಿನ ಗುರುತು ಕಪ್ಪಗೆ ಮೂಡಿತ್ತು. ಎಷ್ಟು ಒಗೆದರೂ ಅದು ಹೋಗಲಿಲ್ಲ. ಅಷ್ಟೇನೂ ಒಗೆಯಲಿಲ್ಲ ಅನ್ನುವುದು ನಿಜ.

ಐದನೇ ಮಹಡಿಯಲ್ಲಿ ಇರುವುದು ನಾನು ಮತ್ತು ಅಮ್ಮ. ಅಮ್ಮನ ಮಂಡಿಗಳು ಮುಷ್ಕರ ಹೂಡಿ ಆರು ವರ್ಷವಾಗಿದೆ. ಲಿಫ್ಟ್ ಕೆಟ್ಟ ದಿನ ಅವಳು ಕೆಳಗಿನ ಅಂಗಳಕ್ಕೂ ಇಳಿಯುವಂತಿಲ್ಲ. ಹಾಗಾಗಿ ಲಿಫ್ಟ್ ಸರಿಮಾಡಲು ಬರುವವನೆಂದರೆ ಅವಳಿಗೆ ಡಾಕ್ಟರಿಗಿಂತ ಒಂದು ತೂಕ ಹೆಚ್ಚು. “ಬಾಪ್ಪಾ ಲಿಫ್ಟಪ್ಪ, ಕೂತ್ಕೋ, ನೀರು ಕುಡಿ,” ಅಂದಳು. ಆವತ್ತಿನಿಂದ ಇಡೀ ಕಟ್ಟಡಕ್ಕೆ ಅವನು ಲಿಫ್ಟಪ್ಪನೇ ಆದ.

ನೀರು ಕುಡಿದ ಲಿಫ್ಟಪ್ಪ ಲೋಟ ಕೆಳಗಿಟ್ಟು, ಗೋಡೆಯ ಪಕ್ಕದ ನೋಟ್‌ಬುಕ್ಕಿನ ರಾಶಿ ನೋಡಿದ. “ಮೇಡಂ, ದೊಡ್ಡೋರಿಗೂ ಹೇಳ್ಕೊಡ್ತೀರಾ?”

ವಿಷಯ ಇಷ್ಟು. ಹದಿನೇಳು ವರ್ಷ ಲಿಫ್ಟಿನ ಹಗ್ಗ, ಬ್ರೇಕು, ಮೋಟರು ಎಂದು ದುಡಿದ ಮೇಲೆ ಕಂಪನಿಯವರು ಅವನನ್ನು ಸೂಪರ್‌ವೈಸರ್ ಮಾಡಲು ಸಿದ್ಧರಿದ್ದರು. ಆದರೆ ಅದಕ್ಕೊಂದು ಬರವಣಿಗೆಯ ಪರೀಕ್ಷೆ. ಲಿಫ್ಟಿಗೆ ಏನಾಗಿತ್ತು, ಏನಾಗಿದೆ, ಏನಾಗುತ್ತಿದೆ ಎಂದು ಇಂಗ್ಲಿಷಿನಲ್ಲಿ ವರದಿ ಬರೆಯಬೇಕು. ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದ. ಮೂರನೆಯದಕ್ಕೆ ಆರು ವಾರ ಉಳಿದಿತ್ತು.

“ತುಂಬಾ ತಪ್ಪು ಮಾಡ್ತೀನಿ ಮೇಡಂ. ಬೈಸ್ಕೊಳ್ಳೋಕೆ ರೆಡಿ ಇದೀನಿ.”

“ಅವಳಿಗೆ ತಪ್ಪು ಅಂದ್ರೆ ಹಬ್ಬ ಕಣಪ್ಪಾ,” ಅಂದಳು ಅಮ್ಮ. “ನೀನು ಬಂದ್ರೆ ನನ್ನ ಬಿಟ್ಟು ನಿನ್ನ ತಿದ್ದುತ್ತಾಳೆ. ಪುಣ್ಯ ಬರುತ್ತೆ, ಬಾ.”

ಅಮ್ಮ ನಗುತ್ತಾ ಹೇಳಿದಳು. ನಾನು ನಗಲಿಲ್ಲ. ಕಾರಣವಿತ್ತು.

ಒಂಬತ್ತು ವರ್ಷದ ಹಿಂದೆ ನನಗೊಂದು ಸಂಬಂಧ ಗಟ್ಟಿಯಾಗಿತ್ತು. ಆತ ಉದ್ದುದ್ದ ಇಮೇಲ್ ಬರೆಯುತ್ತಿದ್ದ, ಇಂಗ್ಲಿಷಿನಲ್ಲಿ. ಒಂದನ್ನು ತಮಾಷೆಗೆಂದು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ತಿದ್ದಿ, ಫೋಟೋ ತೆಗೆದು ವಾಪಸ್ ಕಳಿಸಿದೆ. ಆತ ನಗುತ್ತಾನೆ ಅಂದುಕೊಂಡಿದ್ದೆ. ಮೂರು ದಿನದ ನಂತರ ಅವರ ಮನೆಯಿಂದ ಫೋನ್ ಬಂತು. ‘ನಮ್ಮ ಹುಡುಗನಿಗೆ ಹೆಂಡತಿ ಬೇಕು, ಎಕ್ಸಾಮಿನರ್ ಅಲ್ಲ’ ಅಂದರು. ಆ ಮಾತು ನನ್ನೊಳಗೆ ಸಣ್ಣ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಮಾಡುವ ಕೆಲಸವೇ ತಿದ್ದುವುದು, ಬಿಡಲಾಗದು. ತಿದ್ದುವವಳನ್ನು ಯಾರೂ ಇಷ್ಟಪಡುವುದಿಲ್ಲ ಎಂದು ತೀರ್ಮಾನಿಸಿ, ಕೆಂಪು ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ನನ್ನ ಪಾಡಿಗೆ ನಾನಿದ್ದೆ.

ಲಿಫ್ಟಪ್ಪ ದಿನಾ ಸಂಜೆ ಐದಕ್ಕೆ ಬರತೊಡಗಿದ. ಕೆಲಸದ ಬಟ್ಟೆ ಬದಲಿಸಿ, ಉಗುರಿನ ಸಂದಿಯವರೆಗೂ ಕೈ ಉಜ್ಜಿಕೊಂಡು ಬರುತ್ತಿದ್ದ. ಆದರೂ ಹೆಬ್ಬೆರಳಿನ ಗೆರೆಗಳಲ್ಲಿ ತೆಳ್ಳಗೆ ಕಪ್ಪು ಉಳಿದಿರುತ್ತಿತ್ತು. ಊಟದ ಟೇಬಲ್ಲೇ ನಮ್ಮ ಕ್ಲಾಸು. ನಾನೊಂದು ನಿಯಮ ಮಾಡಿದ್ದೆ: ಫೋನಿನಲ್ಲಿ ಮೆಸೇಜ್ ಕಳಿಸಿದರೆ ಇಂಗ್ಲಿಷಿನಲ್ಲೇ ಕಳಿಸಬೇಕು, ತಪ್ಪಾದರೂ ಸರಿ. ‘ಟುಡೇ ಐ ಲೇಟ್’ ಅಂತ ಬರುತ್ತಿತ್ತು. ‘ಕ್ರಿಯಾಪದ ಎಲ್ಲಿ?’ ಅಂತ ಕೇಳುತ್ತಿದ್ದೆ. ‘ಇನ್ ಟ್ರಾಫಿಕ್’ ಅಂತ ಉತ್ತರ ಬರುತ್ತಿತ್ತು.

ಮೊದಲ ವಾರ ಕ್ರಿಯಾಪದದ ಮೂರು ರೂಪ. ಪ್ಲೇ, ಪ್ಲೇಡ್, ಪ್ಲೇಡ್ ಸಲೀಸಾಗಿ ಹೋಯಿತು. ಗೋ, ವೆಂಟ್, ಗಾನ್ ಹತ್ತಿರ ಬಂದು ಲಿಫ್ಟಪ್ಪ ನಿಂತುಬಿಟ್ಟ.

“ಇದು ಅನ್ಯಾಯ ಮೇಡಂ. ಗೋ ಎಲ್ಲಿ, ವೆಂಟ್ ಎಲ್ಲಿ? ಒಂದಕ್ಷರಾನೂ ಹೊಂದಲ್ಲ. ಯಾರ ಮನೆ ಮಗಳು ಈ ವೆಂಟು?”

ಹದಿಮೂರು ವರ್ಷದ ಪಾಠದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಬಾಯಿಪಾಠ ಮಾಡುತ್ತಿದ್ದರು. ನನಗೆ ಖುಷಿಯಾಗಿ ಕುರ್ಚಿ ಹತ್ತಿರ ಎಳೆದುಕೊಂಡೆ.

“ನಿಜ, ಅವಳು ಬೇರೆ ಮನೆಯವಳೇ. ಹಿಂದೆ ವೆಂಡ್ ಅಂತ ಒಂದು ಕ್ರಿಯಾಪದ ಇತ್ತು. ನಡೆದು ಹೋಗೋದು ಅಂತ ಅರ್ಥ. ವೆಂಟ್ ಅನ್ನೋದು ಅದರ ಭೂತಕಾಲ. ಗೋ ತನ್ನ ಹಳೇ ಭೂತಕಾಲ ಕಳ್ಕೊಂಡು ಒಂಟಿಯಾಗಿತ್ತು. ಇವಳು ಬಂದು ಸೇರ್ಕೊಂಡ್ಳು.”

“ಆಮೇಲೆ?”

“ಆಮೇಲೇನು, ಅಲ್ಲೇ ಉಳಿದ್ಲು. ಈಗ ಯಾರಿಗೂ ಅವಳು ಹೊರಗಿನವಳು ಅಂತ ಅನ್ಸೋದೇ ಇಲ್ಲ.”

ಲಿಫ್ಟಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನೇ ನೋಡಿದ. “ಚೆನ್ನಾಗಿದೆ ಮೇಡಂ. ವಯಸ್ಸಾದ ಮೇಲೂ ಸಂಬಂಧ ಕೂಡಿ ಬರುತ್ತೆ ಅಂತಾಯ್ತು.”

ನಾನು ಪುಸ್ತಕ ನೋಡಿದೆ. ಪುಸ್ತಕದಲ್ಲಿ ಏನಿತ್ತೋ ಕಾಣಲಿಲ್ಲ. ಒಳಗಿನಿಂದ ಅಮ್ಮ ಕೂಗಿದಳು, “ಲೇ, ಹಾಲು ಉಕ್ಕುತ್ತೆ, ಬಾರೇ!”

“ಬಂದೆ!” ಅಂದೆ. ಕೂತೇ ಇದ್ದೆ. ಹಾಲು ಉಕ್ಕಿತು.

ಎರಡನೇ ವಾರ ಪದಗಳ ಹಿಂದೆ ಮುಂದೆ ಬಾಲ ಜೋಡಿಸಿ ಹೊಸ ಪದ ಮಾಡುವುದು. ಲಿಫ್ಟಪ್ಪನಿಗೆ ಇದು ಬಹಳ ಇಷ್ಟವಾಯಿತು. ಬಿಡಿಭಾಗ ಜೋಡಿಸುವುದು ಅವನ ಕಸುಬು ತಾನೆ. ಟೀಚ್‌ಗೆ ಇಆರ್ ಸೇರಿದರೆ ಟೀಚರ್ ಎಂದೊಡನೆ ಎದೆಯುಬ್ಬಿಸಿ, “ಹಾಗಾದ್ರೆ ಐ ಆಮ್ ಲಿಫ್ಟರ್,” ಅಂದ.

“ಬೇಡಿ. ಅಂಗಡಿಯಲ್ಲಿ ಸಾಮಾನು ಎತ್ತೋರನ್ನ ಶಾಪ್‌ಲಿಫ್ಟರ್ ಅಂತಾರೆ.”

“ಛೆ, ನಾನು ಅಂಥೋನಲ್ಲ. ಕದ್ರೆ ಸಾಮಾನು ಕದಿಯಲ್ಲ,” ಅಂದು, ಏನೂ ಗೊತ್ತಿಲ್ಲದವನ ಹಾಗೆ ಮುಂದಿನ ಪದ ಬರೆದ.

ಆ ದಿನ ನನ್ನ ಕೆಂಪು ಪೆನ್ನು ಸಿಗಲಿಲ್ಲ. ಟೇಬಲ್ ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ, ಅಮ್ಮನ ಕನ್ನಡಕದ ಡಬ್ಬಿ ತೆಗೆದು ನೋಡಿದೆ. ಲಿಫ್ಟಪ್ಪ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.

“ತುರುಬು ನೋಡ್ಕೊಳ್ಳಿ ಮೇಡಂ,” ಅಂದ ಕೊನೆಗೆ.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ನೀವು ಹುಡುಕೋವಾಗ ಹುಬ್ಬು ಮೇಲೆ ಹೋಗುತ್ತೆ. ಹಾಗೇ ನೋಡ್ತಾ ಇದ್ದೆ.”

ನಾನು ಸುಮ್ಮನೆ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದೆ.

ಅನ್ ಎಂಬ ಪೂರ್ವಪ್ರತ್ಯಯ ಬಂದ ದಿನ ಆತ ಒಂದು ಪುಟದ ತುಂಬ ಬರೆದು ತಂದ. ಅನ್‌ಲಾಕ್, ಅನ್‌ಲೋಡ್, ಅನ್‌ರೋಲ್ ಎಲ್ಲ ಸರಿ. ಅದರ ಕೆಳಗೆ ಅನ್‌ಈಟ್, ಅನ್‌ಕಮ್, ಅನ್‌ಬೈಗುಳ.

“ಎಲ್ಲ ಕ್ರಿಯಾಪದಕ್ಕೂ ಅಂಟಲ್ಲ ಇದು,” ಅಂದೆ. “ಮಾಡಿದ್ದನ್ನ ಬಿಚ್ಚೋಕಾದ್ರೆ ಮಾತ್ರ. ಗಂಟು ಹಾಕಿದ್ರೆ ಬಿಚ್ಚಬಹುದು, ಬೀಗ ಹಾಕಿದ್ರೆ ತೆಗೀಬಹುದು. ತಿಂದಿದ್ದನ್ನ ತಿನ್ನದೇ ಇರೋ ಹಾಗೆ ಮಾಡೋಕಾಗಲ್ಲ.”

“ಆಡಿದ ಮಾತು?”

“ಅನ್‌ಸೇ ಅಂತ ಪುಸ್ತಕದಲ್ಲೇನೋ ಇದೆ. ಆದ್ರೆ ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಾವೇ ಹೇಳ್ತೀವಲ್ಲ.”

“ಲವ್‌ಗೆ ಹಾಕಬಹುದಾ?” ತಲೆಯೆತ್ತದೆ ಕೇಳಿದ.

“ಅನ್‌ಲವ್ಡ್ ಅಂತ ಇದೆ. ಪ್ರೀತಿ ಸಿಗದವರು ಅಂತ ಅರ್ಥ. ಆದ್ರೆ ಅನ್‌ಲವ್ ಅಂತ ಯಾರೂ ಬಳಸಲ್ಲ.”

“ಹಂಗಾದ್ರೆ ಅದೂ ಬಿಚ್ಚೋಕಾಗಲ್ಲ ಅಂತಾಯ್ತು,” ಅಂದು ಪುಟದ ಅಂಚಿನಲ್ಲಿ ಸಣ್ಣಗೆ ಏನೋ ಬರೆದುಕೊಂಡ. ನಾನು ನೋಡಲು ಹೋಗಲಿಲ್ಲ. ಎದೆಯೊಳಗೆ ಯಾರೋ ಬಟನ್ ಒತ್ತಿದ ಹಾಗಾಗಿತ್ತು.

ಒಮ್ಮೊಮ್ಮೆ ಅವನು ನನಗೆ ಪಾಠ ಹೇಳುತ್ತಿದ್ದ. ಲಿಫ್ಟಿನ ಹಗ್ಗದ ಇನ್ನೊಂದು ತುದಿಗೆ ಕಬ್ಬಿಣದ ಒಂದು ಎದುರು ತೂಕ ಕಟ್ಟಿರುತ್ತಾರಂತೆ. ಲಿಫ್ಟ್ ಮೇಲೆ ಹೋದರೆ ಅದು ಕೆಳಗೆ, ಲಿಫ್ಟ್ ಕೆಳಗೆ ಬಂದರೆ ಅದು ಮೇಲೆ. “ಇಡೀ ದಿನ ಓಡಾಡಿದ್ರೂ ಒಂದನ್ನೊಂದು ನೋಡೋದು ಮಧ್ಯದಲ್ಲಿ ಮಾತ್ರ ಮೇಡಂ. ನಿಮ್ಮ ಕಟ್ಟಡದಲ್ಲಿ ಎರಡು ಮೂರನೇ ಮಹಡಿ ನಡುವೆ. ಪಾಪ, ಮಾತಾಡೋಷ್ಟು ಹೊತ್ತೂ ನಿಲ್ಲಲ್ಲ.”

“ನಿಮ್ಮನ್ನ ಇಷ್ಟು ತಿದ್ದುತ್ತೀನಲ್ಲ, ಬೇಜಾರಾಗಲ್ವಾ?” ಎಂದು ಆ ದಿನ ಕೇಳಿಯೇಬಿಟ್ಟೆ.

ಆತನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ತಪ್ಪು ಕಂಡೂ ಸುಮ್ಮನಿದ್ರೆ ನಮ್ಮ ಕೆಲಸದಲ್ಲಿ ಜನ ಸಾಯ್ತಾರೆ ಮೇಡಂ. ತೋರಿಸಿಕೊಟ್ಟೋರ ಮೇಲೆ ಯಾರಿಗಾದ್ರೂ ಬೇಜಾರಾಗುತ್ತಾ?”

ಒಂಬತ್ತು ವರ್ಷದ ಮುಳ್ಳು ಅಲ್ಲಾಡಿದ್ದು ನನಗೆ ತಿಳಿಯಿತು. ಆ ರಾತ್ರಿ ಅಮ್ಮ ಏನು ಕೇಳಿದರೂ ಹೂಂ ಅಂದೆನಂತೆ. ಮೂರನೇ ಸಲವೂ ಸಾರಿಗೆ ಉಪ್ಪು ಹಾಕಲಾ ಅಂದದ್ದಕ್ಕೂ ಹೂಂ ಅಂದೆನಂತೆ.

ಪರೀಕ್ಷೆಗೆ ಎರಡು ವಾರ ಉಳಿದಿದ್ದಾಗ ಹತ್ತು ವಾಕ್ಯ ಬರೆದು ತರಲು ಹೇಳಿದೆ. ಸಿನ್ಸ್ ಬಳಸಿ, ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವ ವಿಷಯದ ಬಗ್ಗೆ. ಆತ ನೋಟ್‌ಬುಕ್ ಕೊಟ್ಟು, ಎಂದಿನ ಹಾಗೆ ಕೂರದೆ, ಕೆಲಸವಿದೆ ಎಂದು ಹೊರಟುಹೋದ. ಮೆಟ್ಟಿಲಲ್ಲೇ ಇಳಿದ. ಲಿಫ್ಟಪ್ಪ ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದದ್ದು ವಿಚಿತ್ರ ಅನ್ನಿಸಿತಾದರೂ, ನನ್ನ ಮುಂದೆ ನಾನು ಪಾಠ ಮಾಡುವ ಟ್ಯುಟೋರಿಯಲ್ಲಿನ ನಲವತ್ತು ನೋಟ್‌ಬುಕ್ ಇದ್ದವು. ಅವನದನ್ನೂ ರಾಶಿಗೆ ಸೇರಿಸಿ ತಿದ್ದುತ್ತಾ ಹೋದೆ.

ತಿದ್ದುವ ಕೈಗೆ ತಲೆ ಬೇಕಿಲ್ಲ. ಅದು ತಾನೇ ಓಡುತ್ತದೆ. ಅವನ ಒಂಬತ್ತು ವಾಕ್ಯ ಬ್ರೇಕು, ಹಗ್ಗ, ಮೋಟರಿನ ಬಗ್ಗೆ. ಅದರಲ್ಲಿ ಎರಡು ತಪ್ಪು. ಹತ್ತನೆಯದು, ‘ಐ ಆಮ್ ಲವಿಂಗ್ ಯೂ ಸಿನ್ಸ್ ದ ಬೋರ್ಡ್.’

ಆಮ್ ಲವಿಂಗ್ ಎಂಬುದನ್ನು ಕೈ ಹೊಡೆದುಹಾಕಿ, ಮೇಲೆ ಹ್ಯಾವ್ ಲವ್ಡ್ ಎಂದು ಬರೆಯಿತು. ಹತ್ತಕ್ಕೆ ಏಳು ಎಂದು ಹಾಕಿ ಸುತ್ತ ಸೊನ್ನೆ ಎಳೆಯಿತು. ಆಮೇಲೆ ನಾನು ವಾಕ್ಯ ಓದಿದೆ.

ಎಷ್ಟು ಹೊತ್ತು ಓದಿದೆನೋ. ಬೋರ್ಡಿನ ದಿನದಿಂದ. ಮೊಣಕೈಯಲ್ಲಿ ಬಟನ್ ಒತ್ತುತ್ತಾ ನಿಂತಿದ್ದ ನನ್ನನ್ನು, ಗುಂಡಿಯೊಳಗಿನಿಂದ ನೋಡಿದ ಆ ದಿನದಿಂದ. ನನಗೆ ಅಳು ಬಂತು, ನಗು ಬಂತು, ಅದರ ಹಿಂದೆಯೇ ಹೆದರಿಕೆ ಬಂತು. ಹೆದರಿದಾಗ ನಾನು ಏನು ಮಾಡುತ್ತೇನೆ? ಮೇಷ್ಟರಾಗುತ್ತೇನೆ. ಪುಟದ ಕೆಳಗೆ ಅಚ್ಚುಕಟ್ಟಾಗಿ ಬರೆದೆ: ‘ಲವ್ ಎಂಬುದು ಸ್ಥಿತಿ ಹೇಳುವ ಕ್ರಿಯಾಪದ. ಅದಕ್ಕೆ ಇಂಗ್ ಸೇರಿಸಬಾರದು.’ ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನುವುದು ಸುಮ್ಮನೆ ಅಲ್ಲ.

ಮರುದಿನ ಲಿಫ್ಟಪ್ಪ ನೋಟ್‌ಬುಕ್ ತೆರೆದು ಓದಿದ. ಕಿವಿಯ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡ.

“ಸರಿ ಮೇಡಂ. ತಪ್ಪಾಗಿತ್ತು,” ಅಂದ.

‘ಅದು ತಪ್ಪಲ್ಲ’ ಅನ್ನಬೇಕಿತ್ತು. ಎರಡೇ ಪದ. ನಾನು ಪೆನ್ನಿನ ಮುಚ್ಚಳ ಹಾಕಿದೆ.

“ಪರೀಕ್ಷೆ ಹತ್ರ ಬಂತು. ಇನ್ನು ಮನೇಲೇ ಓದ್ಕೋತೀನಿ. ನಿಮಗೆ ತುಂಬಾ ತೊಂದರೆ ಕೊಟ್ಟೆ.” ಅಮ್ಮನಿಗೂ ಹೇಳಿ ಹೊರಟ. ಆ ಸಂಜೆಯಿಂದ ಐದು ಗಂಟೆ ಎಂಬುದು ನನಗೆ ಬರೀ ಗಡಿಯಾರದ ಗಂಟೆಯಾಯಿತು.

“ಅವನಿಗೇನು ಅಂದೆ?” ಅಮ್ಮ ದಿನಾ ಕೇಳಿದಳು.

“ಏನೂ ಅನ್ಲಿಲ್ಲ ಅಮ್ಮಾ.”

“ಅದೇ ನಿನ್ನ ರೋಗ. ಅನ್ನಬಾರದ್ದೆಲ್ಲ ಅಂತೀಯ, ಅನ್ನಬೇಕಾದ್ದು ಅನ್ನಲ್ಲ.”

ಮೂರು ವಾರದ ಮೇಲೆ, ಒಂದು ಭಾನುವಾರ, ಬೆಳಗಿನ ಬ್ಯಾಚ್‌ಗೆ ಹೊರಟಿದ್ದಾಗ ಕೆಳಗೆ ವಾಚ್‌ಮನ್ ಸುದ್ದಿ ಹೇಳಿದ. ಲಿಫ್ಟಪ್ಪ ಪಾಸಾಗಿದ್ದನಂತೆ. ಮೂರು ತಿಂಗಳ ಟ್ರೈನಿಂಗ್‌ಗೆ ಬೇರೆ ಊರಿಗೆ ಹೋಗುತ್ತಾನಂತೆ; ಆಮೇಲೆ ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಹಾಕುತ್ತಾರಂತೆ. ಇವತ್ತೇ ಸಂಜೆ ಆರರ ಬಸ್ಸು.

ಆ ದಿನ ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಮಧ್ಯಾಹ್ನ ಮೂರೂವರೆಗೆ ಮನೆಗೆ ಬಂದವಳು ಫೋನ್ ಹಿಡಿದು ಕೂತೆ. ನಾನೇ ಮಾಡಿದ ನಿಯಮ, ಇಂಗ್ಲಿಷಿನಲ್ಲೇ ಬರೆಯಬೇಕು. ಬರೆದೆ, ಅಳಿಸಿದೆ, ಬರೆದೆ. ಕೊನೆಗೆ ನಾಲ್ಕು ಗಂಟೆಗೆ ಕಳಿಸಿದ್ದು ಇಷ್ಟೇ: ‘ಪ್ಲೀಸ್ ಕಮ್ ಬಿಫೋರ್ ಯೂ ಗೋ.’

ಎರಡು ನಿಮಿಷಕ್ಕೆ ಉತ್ತರ ಬಂತು. ‘ಐ ಕೇಮ್.’

ಕೇಮ್. ಕಮ್ ಎಂಬುದರ ಎರಡನೇ ರೂಪ. ಸಾದಾ ಭೂತಕಾಲ. ನಡೆದು ಮುಗಿದ ಕೆಲಸವನ್ನು ಹೇಳುವುದಕ್ಕೆ.

“ಅಮ್ಮಾ, ಮಧ್ಯಾಹ್ನ ಯಾರಾದ್ರೂ ಬಂದಿದ್ರಾ?”

“ಬೆಲ್ ಆದ ಹಾಗಿತ್ತು ಕಣೇ. ಮಂಡಿ ಹಿಡ್ಕೊಂಡು ಏಳೋಷ್ಟರಲ್ಲಿ ನಿಂತುಹೋಯ್ತು.”

ಅಲ್ಲಿಗೆ ಮುಗಿಯಿತು. ಬಂದಿದ್ದ. ನಾನಿರಲಿಲ್ಲ. ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಪ್ಪಿಲ್ಲದ ವಾಕ್ಯ ಬರೆಯುವುದನ್ನು ನಾನೇ ಕಲಿಸಿದ್ದೆ. ಎಷ್ಟು ಚೊಕ್ಕವಾಗಿ ಕಲಿತಿದ್ದಾನೆ ನೋಡಿ, ಎರಡೇ ಪದದಲ್ಲಿ ಬಾಗಿಲು ಹಾಕಿಬಿಟ್ಟ. ನಾನು ಮಂಚದ ಮೇಲೆ ಕೂತು, ಕಪ್ಪು ಬೆರಳಿನ ಗುರುತಿದ್ದ ಆ ಚೀಲವನ್ನು ತೊಡೆಯ ಮೇಲೆ ಹರಡಿಕೊಂಡು ಚೆನ್ನಾಗಿ ಅತ್ತೆ.

ಅಡುಗೆಮನೆಯಿಂದ ಅಮ್ಮ ಕೂಗಿದಳು, “ಲೇ, ಈ ಡಬ್ಬದ ಮುಚ್ಚಳ ತೆಗೆದುಕೊಡು ಬಾ.”

“ಬಂದೆ,” ಅಂದೆ.

ಸ್ವಲ್ಪ ಹೊತ್ತಿಗೆ ಮತ್ತೆ, “ಬಾರೇ!”

“ಬಂದೆ ಅಂದ್ನಲ್ಲಮ್ಮ!”

ಗೋಡೆ ಹಿಡಿದುಕೊಂಡು ಅಮ್ಮನೇ ಬಾಗಿಲಿಗೆ ಬಂದಳು, ಕಂಕುಳಲ್ಲಿ ಡಬ್ಬ. “ಎಲ್ಲಿ ಬಂದೆ? ಆಗಿನಿಂದ ಬಂದೆ ಬಂದೆ ಅಂತೀಯ, ಕೂತಲ್ಲಿಂದ ಎದ್ದೇ ಇಲ್ಲ! ನಿನ್ನ ಭಾಷೇಲಿ ಬಂದೆ ಅಂದ್ರೆ ಇನ್ನೂ ಹೊರಟಿಲ್ಲ ಅಂತಾನಾ?”

ನಾನು ಅಮ್ಮನ ಮುಖ ನೋಡಿದೆ. ಫೋನ್ ನೋಡಿದೆ. ಐ ಕೇಮ್.

ಬಂದೆ.

ಅಯ್ಯೋ, ಆತ ಬರೆದದ್ದು ಇಂಗ್ಲಿಷೇ ಅಲ್ಲ! ಕರೆದ ತಕ್ಷಣ ನಾವೆಲ್ಲ ಬಾಯಿತುಂಬ ಕೂಗುವ ಬಂದೆಯನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಟ್ಟಿದ್ದ. ಊರಿಗೆಲ್ಲ ಕ್ರಿಯಾಪದ ಕಲಿಸುವ ನನಗೆ ಸ್ವಂತ ಬಾಯಿಯ ಕ್ರಿಯಾಪದ ತಿಳಿದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

“ಅಮ್ಮಾ, ಅವರು ಬರ್ತಾ ಇದಾರೆ!” ಎಂದು ಎದ್ದು ಓಡಿದೆ.

ಲಿಫ್ಟಿನ ಕೆಂಪು ದೀಪ ಉರಿಯುತ್ತಿತ್ತು, ಯಾರೋ ಬಳಸುತ್ತಿದ್ದರು. ಕಾಯುವ ತಾಳ್ಮೆ ನನಗಿರಲಿಲ್ಲ. ಲಿಫ್ಟಿನ ಸುತ್ತಲೇ ಸುತ್ತಿಕೊಂಡು ಇಳಿಯುವ ಮೆಟ್ಟಿಲಲ್ಲಿ, ಬರಿಗಾಲಲ್ಲಿ, ಇಳಿದೆ. ಮೂರನೇ ಮಹಡಿ ದಾಟಿ ಅರ್ಧ ಇಳಿದಿದ್ದೆ. ಜಾಲರಿಯಾಚೆ ಲಿಫ್ಟ್ ಮೇಲೇರುತ್ತಾ ಬಂತು. ಮೊದಲು ತಲೆ, ಆಮೇಲೆ ಒಗೆದು ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಬ್ಯಾಗು.

“ಮೇಡಂ!”

“ನಿಲ್ಸಿ!”

“ನಡುವೆ ನಿಲ್ಲಿಸಬಾರದು, ರೂಲ್ಸು!” ಎನ್ನುತ್ತಲೇ ಅವನ ಬೂಟುಗಳೂ ಮೇಲೆ ಹೋದವು.

ತಿರುಗಿ ಹತ್ತತೊಡಗಿದೆ. ಮೇಲೆ ಗೇಟು ತೆಗೆದ ಸದ್ದು. “ನಿನ್ನ ಹುಡುಕ್ಕೊಂಡೇ ಕೆಳಗೆ ಹೋದ್ಳು, ಓಡು ಓಡು!” ಎಂದು ಅಮ್ಮ ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ಗೇಟು ಎಳೆದ ಸದ್ದು. ನಾನು ಮೂರನೇ ಮಹಡಿಗೆ ಬರುವಷ್ಟರಲ್ಲಿ ಅದೇ ಲಿಫ್ಟ್, ಅದೇ ಮುಖ, ಈ ಸಲ ಕೆಳಮುಖವಾಗಿ ನನ್ನನ್ನು ದಾಟಿತು. ಆತ ಜಾಲರಿ ಹಿಡಿದು ನಗುತ್ತಿದ್ದ. ನನಗೆ ಉಸಿರೇ ಇರಲಿಲ್ಲ. ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತೆ.

ಲಿಫ್ಟ್ ಎರಡನೇ ಮಹಡಿಯಲ್ಲಿ ನಿಂತಿತು. ಗೇಟು ತೆರೆಯಿತು. ಆಮೇಲೆ ಮೆಟ್ಟಿಲ ಮೇಲೆ ಬೂಟಿನ ಸದ್ದು, ಒಂದೊಂದಾಗಿ, ಹತ್ತಿರ ಹತ್ತಿರ.

ಲಿಫ್ಟಪ್ಪ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ಈಗ ನಮ್ಮಿಬ್ಬರ ಕಣ್ಣು ಒಂದೇ ಎತ್ತರದಲ್ಲಿದ್ದವು.

“ಐ ಕೇಮ್ ಅಂತ ಬರೆದ್ರಲ್ಲ!” ಅಂದೆ. ಹೇಳಬೇಕೆಂದಿದ್ದುದು ಅದಲ್ಲ.

“ಹೂಂ. ಬಂದೆ ಅಂತ.”

“ಮನೆಯಿಂದ ಹೊರಡೋಕೆ ಮುಂಚೆ ಹೇಗ್ರೀ ಬಂದ್ರಿ?”

“ನೀವು ಕರೆದ್ರಲ್ಲ ಮೇಡಂ. ಕರೆದ ತಕ್ಷಣ ನಾನು ಬಂದೆ. ಈ ಮೈ ಹೊತ್ತುಕೊಂಡು ಬರೋದು ತಡ ಆಯ್ತು ಅಷ್ಟೇ.” ಆಮೇಲೆ ನನ್ನ ಮುಖ ನೋಡಿ, “ತಪ್ಪಾ?” ಅಂದ.

“ಮಧ್ಯಾಹ್ನ ಬೆಲ್ ಮಾಡಿದ್ದು?”

“ನಾನಲ್ಲ. ನಾನು ಬೆಲ್ ಮಾಡಿದ್ರೆ ಬಾಗಿಲು ತೆಗೆಯೋವರೆಗೂ ಹೋಗಲ್ಲ.”

ಆತ ಬ್ಯಾಗಿನಿಂದ ನೋಟ್‌ಬುಕ್ ತೆಗೆದ. ಬಟ್ಟೆಗಳ ಮೇಲೆಯೇ ಇಟ್ಟುಕೊಂಡಿದ್ದ. ಆ ಪುಟ ತಾನಾಗೇ ತೆರೆದುಕೊಂಡಿತು.

“ಒಂದು ಕೇಳ್ತೀನಿ, ಹೇಳಿಬಿಡಿ. ಹತ್ತಕ್ಕೆ ಏಳು ಕೊಟ್ರಿ. ಮೂರು ವಾರದಿಂದ ನೋಡ್ತಾ ಇದೀನಿ. ಇದು ಪಾಸಾ, ಫೇಲಾ? ಆ ಕೊನೇ ಮಾರ್ಕು ಇಂಗಿಗೆ ಹೋಯ್ತಾ, ಇಲ್ಲಾ…” ಅವನ ದನಿ ಅಲ್ಲಿ ಸಣ್ಣದಾಯಿತು. “ಇಲ್ಲಾ ನನಗೇ ಹೋಯ್ತಾ?”

ತುರುಬಿನಿಂದ ಪೆನ್ನು ಕಿತ್ತೆ. ಕೂದಲು ಬಿಚ್ಚಿ ಬೆನ್ನ ಮೇಲೆ ಬಿತ್ತು. ಆತ ನೋಡಿ, ಸೌಜನ್ಯಕ್ಕೆ ಗೋಡೆ ನೋಡಿದ, ತಡೆಯಲಾರದೆ ಮತ್ತೆ ನೋಡಿದ. ನಾನು ಬರೆದಿದ್ದ ಉಪದೇಶದ ಸಾಲನ್ನು ಉದ್ದಕ್ಕೆ ಹೊಡೆದುಹಾಕಿದೆ. ಹ್ಯಾವ್ ಲವ್ಡ್ ಎಂಬುದನ್ನೂ ಹೊಡೆದೆ.

“ಪುಸ್ತಕದ ಪ್ರಕಾರ ಲವ್‌ಗೆ ಇಂಗ್ ಬರಲ್ಲ,” ಅಂದೆ. “ಆದ್ರೆ ಬೀಯಿಂಗ್ ಇಲ್ದೇ ಇದ್ರೆ ಕೆಲಸ ಮುಗಿದುಹೋಗಿದೆ ಅಂತ ಜನ ತಪ್ಪು ತಿಳ್ಕೋತಾರೆ. ನೀವು ಬರೆದಿದ್ದೇ ಇರಲಿ. ಇನ್ನೂ ನಡೀತಾ ಇರೋ ಹಾಗಿರಲಿ.”

“ಮಾರ್ಕು?”

“ಅದು ನಿಮ್ಮಿಂದ ಕಟ್ ಆಗಿದ್ದಲ್ಲ. ಓದೋಕೆ ಮುಂಚೆ ಕೈಯೇ ಹಾಕಿಬಿಡ್ತು. ಕೆಳಗೆ ಉಪದೇಶ ಬರೆದಿದ್ದು ನನ್ನ ಹೆದರಿಕೆ. ನನ್ನ ತಿದ್ದೋ ಚಾಳಿ ನೋಡಿ ಒಬ್ಬರು ಬಿಟ್ಟುಹೋಗಿದ್ರು. ನೀವೂ ಹೋಗ್ತೀರಿ ಅಂತ ಹೆದರಿ, ನಾನೇ ಮೊದಲು ಬಾಗಿಲು ಹಾಕ್ದೆ.” ಕಣ್ಣೀರು ಮೂಗಿನವರೆಗೆ ಬಂದಿತ್ತು, ಒರೆಸಿಕೊಳ್ಳಲಿಲ್ಲ. “ನನಗೂ ನೀವಂದ್ರೆ ಪ್ರೀತಿ. ಬೋರ್ಡ್ ದಿನದಿಂದ ಅಲ್ಲ, ಸುಳ್ಳು ಹೇಳಲ್ಲ. ಗೋ ವೆಂಟ್ ದಿನದಿಂದ.”

ಲಿಫ್ಟಪ್ಪ ಉಗುರಿನ ಸಂದಿಯವರೆಗೂ ಉಜ್ಜಿದ ತನ್ನ ಕೈಯನ್ನು ಒಮ್ಮೆ ನೋಡಿಕೊಂಡು, ಆಮೇಲೆ ಅದರಲ್ಲಿ ನನ್ನ ಕೈ ಹಿಡಿದ. ಒರಟು ಅಂಗೈ, ಬೆಚ್ಚಗಿತ್ತು. ಪೆನ್ನಿನ ಕೆಂಪು ಇಬ್ಬರ ಬೆರಳಿಗೂ ಹತ್ತಿತು.

“ಒಂದು ವಾರ ತಡ ನಂದು,” ಅಂದ. “ಅಂದ್ರೆ ನಾನೇ ಸೀನಿಯರ್ರು.”

ಐದು ಗಂಟೆ ದಾಟಿತ್ತು. ಬಸ್‌ಸ್ಟ್ಯಾಂಡಿಗೆ ಅರ್ಧ ಗಂಟೆಯ ದಾರಿ. ಎರಡನೇ ಮಹಡಿಗೆ ಇಬ್ಬರೂ ಇಳಿದೆವು. ಆತ ಲಿಫ್ಟಿನೊಳಗೆ ನಿಂತ, ನಾನು ಹೊರಗೆ ನಿಂತೆ.

“ತಡ ಅಂದಿದ್ದು ನಿಮ್ಮದಲ್ಲ, ನಂದು. ಮೊದಲು ಬಂದೋರು ನೀವು. ವಾಕ್ಯ ತಪ್ಪಾಯ್ತು,” ಅಂದೆ.

“ಗೊತ್ತು. ನೀವು ತಿದ್ದುತ್ತೀರೋ ಇಲ್ವೋ ನೋಡೋಣ ಅಂತ ಬೇಕಂತಲೇ ಅಂದೆ. ಇಷ್ಟು ಹೊತ್ತು ಸುಮ್ಮನಿದ್ರಲ್ಲ, ಭಯ ಆಗಿತ್ತು.” ಗೇಟು ಎಳೆದ. ಕಬ್ಬಿಣದ ಚೌಕಗಳ ನಡುವಿನಿಂದ ಅವನ ಕಣ್ಣು ನಗುತ್ತಿತ್ತು.

“ಮೂರು ತಿಂಗಳಾಗುತ್ತೆ. ಅಲ್ಲಿಂದ ಎಲ್ಲಿಗೆ ಹಾಕ್ತಾರೋ ಗೊತ್ತಿಲ್ಲ ಅಂತ ವಾಚ್‌ಮನ್ ಅಂದ,” ಅಂದೆ.

“ಎಲ್ಲಿಗೆ ಹಾಕಿದ್ರೂ ಮೊದಲು ಇಲ್ಲಿಗೆ. ನಿಮ್ಮಮ್ಮನ್ನ ಕೇಳೋಕಿದೆ.” ಬಟನ್ ಒತ್ತಿದ. ಲಿಫ್ಟ್ ಅಲುಗಿ ಇಳಿಯತೊಡಗಿತು. ತಲೆ ಮರೆಯಾಗುವ ಮುಂಚೆ ಕತ್ತೆತ್ತಿ, ಮೊದಲ ದಿನ ಗುಂಡಿಯೊಳಗಿನಿಂದ ನೋಡಿದ ಹಾಗೇ ನೋಡಿ, ಕೂಗಿ ಹೇಳಿದ:

“ಬಂದೆ!”

ನಾನು ತಿದ್ದಲಿಲ್ಲ. ಕೆಳಗೆ ಗೇಟು ತೆಗೆದ ಸದ್ದು, ಅಂಗಳದಲ್ಲಿ ಬೂಟಿನ ಸದ್ದು ನಿಲ್ಲುವವರೆಗೂ ಜಾಲರಿ ಹಿಡಿದು ನಿಂತಿದ್ದೆ. ಆಮೇಲೆ ಮೆಟ್ಟಿಲು ಹತ್ತಿ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು, ಮುಚ್ಚಳ ತೆಗೆಯದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಬಿಚ್ಚಿದ ಕೂದಲು ನೋಡಿದಳು, ಕೆಂಪಾದ ಬೆರಳು ನೋಡಿದಳು.

“ಹೋದ್ನೇನೇ?” ಅಂದಳು ಮೆಲ್ಲಗೆ.

ಡಬ್ಬ ತೆಗೆದುಕೊಂಡು ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟೆ.

“ಇಲ್ಲಮ್ಮ,” ಅಂದೆ. “ಬಂದ್ರು.”